ಎರಡನೇ ಡಿಸ್ಕ್

ನಮ್ಮ ಮನೆಯಲ್ಲಿ ‘ಗೆಜ್ಜೆಪೂಜೆ’ ಸುಖಾಂತ ಚಿತ್ರ. ಉಳಿದವರ ಮನೆಗಳಲ್ಲಿ ಅದು ಕಣ್ಣೀರಿನಲ್ಲಿ ಮುಗಿಯುತ್ತದೆಂದು ನನಗೆ ಗೊತ್ತಿಲ್ಲದೆ ಇಲ್ಲ. ಎಂ.ಕೆ. ಇಂದಿರಾ ಬರೆದ ಕಾದಂಬರಿ, 1969ರಲ್ಲಿ ಪುಟ್ಟಣ್ಣ ಕಣಗಾಲ್ ತೆಗೆದ ಸಿನಿಮಾ, ಅದರಲ್ಲಿ ಕಲ್ಪನಾ. ಇಷ್ಟು ಕೂಡಿದ ಮೇಲೆ ನಗುತ್ತಾ ಎದ್ದು ಹೋಗುವುದು ಯಾರಿಂದಾದೀತು? ನಮ್ಮಿಂದಾಯಿತು. ಪುತ್ತೂರು ಪೇಟೆಯ ಅಂಗಡಿಯೊಂದರಿಂದ ನಾನು ತಂದ ವಿಸಿಡಿ ಡಬ್ಬಿಯಲ್ಲಿ ಎರಡು ಡಿಸ್ಕ್ ಇದ್ದವು. ಎರಡರ ಬೆನ್ನಿನ ಮೇಲೂ ಕಲ್ಪನಾ ಮುಖವೇ. ಮೊದಲನೆಯದರಲ್ಲಿ ಅರ್ಧ ಸಿನಿಮಾ ಸರಿಯಾಗಿಯೇ ಓಡಿತು. ಎರಡನೆಯದನ್ನು ಹಾಕಿದರೆ ಚೆಂಡೆ ಬಾರಿಸುತ್ತಾ ‘ದೇವಿ ಮಹಾತ್ಮೆ’ ಯಕ್ಷಗಾನ ಶುರುವಾಯಿತು.

ಅಮ್ಮ ಅಡುಗೆ ಮನೆಯಿಂದ ಕೈ ಒರೆಸುತ್ತಾ ಬಂದು ಕೂತವರು ಏಳಲೇ ಇಲ್ಲ. ಮಹಿಷಾಸುರ ದೊಂದಿ ಹಿಡಿದು ಬರುವಾಗ ಅವರ ತೀರ್ಪೂ ಬಂತು. “ಪಾಪದ ಹುಡುಗಿಗೆ ಒತ್ತಾಯದಲ್ಲಿ ಗೆಜ್ಜೆ ಕಟ್ಟಲು ಹೊರಟರಲ್ಲ, ಅವರಿಗೆ ಹೀಗೆಯೇ ಆಗಬೇಕು ಮಗಾ.” ಮಹಿಷನ ವಧೆಯೊಂದಿಗೆ ಕಲ್ಪನಾಳ ಕಷ್ಟವೂ ಕಳೆಯಿತೆಂದು ಅಮ್ಮ ತೃಪ್ತಿಯಿಂದ ದೀಪ ಹಚ್ಚಲು ಎದ್ದರು. ಅಂಗಡಿಯಲ್ಲಿ ಕೇಳಿದ್ದಕ್ಕೆ, “ಸೀಲು ಒಡೆದ ಮೇಲೆ ಬದಲಿ ಕೊಡುವ ಕ್ರಮ ಇಲ್ಲ” ಎಂದರು. ನಮ್ಮೂರಲ್ಲಿ ‘ಕ್ರಮ ಇಲ್ಲ’ ಎಂದರೆ ಮುಗಿಯಿತು. ಅದರ ಮೇಲೆ ಹೈಕೋರ್ಟೂ ಇಲ್ಲ.

ಒಂದು ಸಿನಿಮಾವನ್ನು ಎರಡು ತುಂಡು ಮಾಡಿದ ಪುಣ್ಯಾತ್ಮ ಯಾರು ಎಂದು ಆಗ ನಾನು ವಿಚಾರಿಸಿದ್ದುಂಟು. ತಪ್ಪು ಯಾರದೂ ಅಲ್ಲ, ತಟ್ಟೆಯದ್ದು. ಒಂದು ವಿಸಿಡಿಯಲ್ಲಿ ಹಿಡಿಸುವುದು ಎಪ್ಪತ್ತನಾಲ್ಕು ನಿಮಿಷ, ಜಗ್ಗಿದರೆ ಎಂಬತ್ತು. ನಮ್ಮ ಹಳೆಯ ಸಿನಿಮಾಗಳು ಎರಡೂವರೆ ಗಂಟೆಗೆ ಕಡಿಮೆ ಇಲ್ಲ. ಹಾಗಾಗಿ ನಿರ್ದೇಶಕರು ಯೋಚಿಸಿ ಇಟ್ಟ ಇಂಟರ್‌ವಲ್ ಒಂದು ಕಡೆ, ಡಿಸ್ಕ್ ತೀರಿದ ಜಾಗ ಇನ್ನೊಂದು ಕಡೆ. ನಾಯಕ ಹಾಡಿನ ನಡುವೆ ಬಾಯಿ ತೆರೆದವನು, ನಾವು ಎದ್ದು ಹೋಗಿ ತಟ್ಟೆ ಬದಲಿಸಿ ಕುಳಿತ ಮೇಲೆ ಬಾಯಿ ಮುಚ್ಚುತ್ತಿದ್ದ. ಚಿತ್ರದ ಸ್ಪಷ್ಟತೆಯೂ ಅಷ್ಟಕ್ಕಷ್ಟೆ: ಅಡ್ಡಕ್ಕೆ 352 ಚುಕ್ಕಿ, ಉದ್ದಕ್ಕೆ 288. ಅಷ್ಟು ಚುಕ್ಕಿಯಲ್ಲಿ ಪಂಡರೀಬಾಯಿಯವರ ಕಣ್ಣೀರು ಯಾವುದು, ಡಿಸ್ಕಿನ ಗೀರು ಯಾವುದು ಎಂದು ಹೇಳುವುದು ಕಷ್ಟ. ಆದರೂ ಮೋಸರ್ ಬೇರ್‌ನವರು 2007ರ ಸುಮಾರಿಗೆ ವಿಸಿಡಿಗೆ ಇಪ್ಪತ್ತೆಂಟು ರೂಪಾಯಿ, ಡಿವಿಡಿಗೆ ಮೂವತ್ತನಾಲ್ಕು ಎಂದು ದರ ಇಳಿಸಿದಾಗ, ಸುಳ್ಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಕಾಯುವವರ ಕೈಯಲ್ಲೂ ರಾಜ್‌ಕುಮಾರ್ ಬಂದು ಕುಳಿತರು.

ನನ್ನ ಈ ಡಿಸ್ಕ್ ಪುರಾಣ ಸಾರ್ವಜನಿಕವಾದದ್ದು ಕಡಬದ ಕಡೆಯ ನೆಂಟರ ಮನೆಯ ಒಂದು ಪೂಜೆಯಲ್ಲಿ. ಊಟ ಮುಗಿದು, ಎಲೆ ಅಡಿಕೆ ತಟ್ಟೆ ಜಗಲಿಗೆ ಬಂದಿತ್ತು. ಅಡಿಕೆಯ ಧಾರಣೆ, ಎಲೆಚುಕ್ಕಿ ರೋಗ ಎರಡೂ ಮಾತಾಡಿ ಮುಗಿದವು. ಇನ್ನೇನು ಒಂದು ನಿದ್ರೆ ತೆಗೆಯೋಣ ಎನ್ನುವಾಗ ಪುತ್ತೂರಿನ ಭಾವ ಕಿಡಿ ಹಾಕಿದರು.

“ಟಿವಿಯಲ್ಲಿ ನೋಡಿದ್ದು ಸಿನಿಮಾವೇ ಅಲ್ಲ ಮಾರಾಯ. ಅರುಣಾ ಟಾಕೀಸಿನಲ್ಲಿ ನೋಡಿದ್ದು ಸಿನಿಮಾ.”

ಸುಳ್ಯದ ಮಾಷ್ಟ್ರು ಕಣ್ಣು ತೆರೆದರು. ನಿವೃತ್ತ ಮಾಷ್ಟ್ರುಗಳು ನಿದ್ರೆಯಲ್ಲೂ ತಪ್ಪು ತಿದ್ದುವ ಕಿವಿ ಇಟ್ಟುಕೊಂಡಿರುತ್ತಾರೆ. “ಅರುಣಾದಲ್ಲಿ ನೀವು ನೋಡಿದ ರೀಲು ಮಂಗಳೂರಲ್ಲಿ ನೂರು ದಿನ ಓಡಿ, ಮತ್ತೆ ಊರೂರು ಸುತ್ತಿ ಬಂದದ್ದು. ನಮ್ಮ ಸಂತೋಷಕ್ಕೆ ಬರುವಾಗ ಅರ್ಧ ಹಾಡು ಸವೆದು ಹೋಗಿರುತ್ತಿತ್ತು. ಕ್ಯಾಸೆಟಿನಲ್ಲಾದರೆ ಪೂರ್ತಿ ಉಂಟು.” ಸಂತೋಷ ಎಂದರೆ ಸುಳ್ಯದ ಚಿತ್ರಮಂದಿರ. ಸವೆದ ಹಾಡಿಗೆ ಸಂತೋಷ ಎಂದು ಅವರು ವ್ಯಂಗ್ಯವಾಡಿದ್ದಲ್ಲ.

ಮೂರನೆಯವನು ಆ ಮನೆಯದೇ ಹುಡುಗ, ನನಗೆ ಸೋದರಳಿಯ ಆಗಬೇಕು. ಬೆಂಗಳೂರಲ್ಲಿ ಕೆಲಸ. “ಮಾವ, ಎರಡೂ ದಂಡ. ನೆಗೆಟಿವ್‌ನಿಂದ ಫೋರ್ ಕೆ ಸ್ಕ್ಯಾನ್ ಮಾಡಿದ್ದನ್ನು ನೋಡಬೇಕು” ಎಂದ. ನಾಲ್ಕು ಕೆ ಎಂದರೆ ಎಂತದ್ದೆಂದು ಕೇಳಿ ಸಣ್ಣವರಾಗಲು ಯಾರೂ ಸಿದ್ಧರಿರಲಿಲ್ಲ.

ಆಮೇಲೆ ನಡೆದದ್ದು ಅಪ್ಪಟ ತಾಳಮದ್ದಳೆ, ಭಾಗವತರಿಲ್ಲ ಎನ್ನುವುದೊಂದು ಬಿಟ್ಟರೆ. ಈ ಸೀಮೆಯಲ್ಲಿ ಇಬ್ಬರು ಎದುರುಬದುರು ಕೂತರೆ ಒಬ್ಬ ಕೃಷ್ಣ, ಇನ್ನೊಬ್ಬ ಕೌರವ. ಒಪ್ಪಿಗೆಯಾಗುವುದು ಪ್ರಸಂಗಕ್ಕೆ ಅವಮಾನ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳುತ್ತಾ ಬೆಳೆದವರು ಸೋಲು ಒಪ್ಪುವುದೆಲ್ಲಿಂದ? ವಾಲಿ ಸತ್ತರೂ ರಾಮನಿಗೆ ಉತ್ತರ ಹೊಳೆಯಬಾರದು.

ಮೊದಲು ಎದ್ದದ್ದು ಬಣ್ಣದ ಪ್ರಶ್ನೆ. 1965ರ ‘ಸತ್ಯ ಹರಿಶ್ಚಂದ್ರ’ಕ್ಕೆ 2008ರಲ್ಲಿ ಬಣ್ಣ ಬಳಿದು ಬಿಡುಗಡೆ ಮಾಡಿದರಲ್ಲ, ಅದಕ್ಕೆ ಭಾವನ ಸಂಪೂರ್ಣ ವಿರೋಧ. “ಸುಡುಗಾಡಿಗೆ ಎಂತ ಬಣ್ಣ? ಬೂದಿ ಆಗಲೂ ಬೂದಿ, ಈಗಲೂ ಬೂದಿ. ಆ ದುಡ್ಡನ್ನು ಹರಿಶ್ಚಂದ್ರನಿಗೆ ಕೊಟ್ಟಿದ್ದರೆ ವಿಶ್ವಾಮಿತ್ರನ ಸಾಲವಾದರೂ ತೀರುತ್ತಿತ್ತು.” ಮಾಷ್ಟ್ರು ಬಣ್ಣದ ಪಕ್ಷ. 2014ರಲ್ಲಿ ಬಣ್ಣದ ‘ಕಸ್ತೂರಿ ನಿವಾಸ’ ಬಂದಾಗ, 1971ರ ಕಪ್ಪುಬಿಳುಪನ್ನು ಆವರೆಗೆ ಮೂಸಿಯೂ ನೋಡದ ಮೊಮ್ಮಕ್ಕಳು ಕೊನೆತನಕ ಕೂತು ನೋಡಿದರಂತೆ. ಇದಕ್ಕೆ ಭಾವನಲ್ಲಿ ಉತ್ತರ ಇರಲಿಲ್ಲವಾದ್ದರಿಂದ ಅವರು ಎಲೆಗೆ ಸುಣ್ಣ ಹಚ್ಚುವುದರಲ್ಲಿ ತೊಡಗಿದರು.

ಬಣ್ಣದ ಮಟ್ಟಿಗೆ ನಾನು ಭಾವನ ಕಡೆ. ಆದರೆ ‘ನಾಗರಹಾವು’ ಬಂದಾಗ ಪಕ್ಷಗಳೇ ಅದಲುಬದಲಾದವು. 1972ರ ಚಿತ್ರವನ್ನು 2018ರಲ್ಲಿ ಸಿನಿಮಾಸ್ಕೋಪಿಗೆ ಹೊಂದಿಸಿ, ಧ್ವನಿಯನ್ನೂ ಹೊಸತು ಮಾಡಿ ತೆರೆಗೆ ತಂದಿದ್ದರು. ಭಾವನಿಗೆ ಅದು ಪಂಚಪ್ರಾಣ. “ಚಿತ್ರದುರ್ಗದ ಕೋಟೆ ಇಡೀ ಪರದೆ ತುಂಬಿತ್ತು ಮಾರಾಯ!” ಈಗ ಮಾಷ್ಟ್ರ ಸರದಿ. ಚೌಕದ ಹತ್ತಿರ ಹತ್ತಿರ ಇದ್ದ ಚಿತ್ರವನ್ನು ಅಗಲ ಪರದೆಗೆ ತುಂಬಬೇಕಾದರೆ ಮೇಲಿಂದ, ಕೆಳಗಿಂದ ಒಂದಿಷ್ಟು ಕತ್ತರಿಸಲೇಬೇಕು. ಹಾಗಾದರೆ ಪುಟ್ಟಣ್ಣನವರು ಇಟ್ಟ ಆಕಾಶ ಎಲ್ಲಿ ಹೋಯಿತು? ಹಳೆಯ ಟಿವಿಯಲ್ಲಿ ಇದರ ಉಲ್ಟಾ ನಡೆಯುತ್ತಿತ್ತು ಎಂದು ಅಳಿಯ ಬಾಯಿ ಹಾಕಿದ. ಸಿನಿಮಾಸ್ಕೋಪ್ ಚಿತ್ರವನ್ನು ಟಿವಿಯ ಡಬ್ಬಕ್ಕೆ ತುರುಕುವಾಗ ಎರಡು ಬದಿ ಕತ್ತರಿಸುತ್ತಿದ್ದರು. ಅದು ನಿಜ. ಕನ್ನಡದ ಮೊದಲ ಸಿನಿಮಾಸ್ಕೋಪ್ ‘ಸೊಸೆ ತಂದ ಸೌಭಾಗ್ಯ’ ಬಂದದ್ದು 1977ರಲ್ಲಿ. ಆಮೇಲಿನ ಎಷ್ಟೋ ಕ್ಯಾಸೆಟ್ಟುಗಳಲ್ಲಿ ಗಂಡ ಹೆಂಡತಿ ಮಾತಾಡುವ ದೃಶ್ಯವೆಂದರೆ ಎಡಗಡೆ ಒಂದು ಮೂಗು, ಬಲಗಡೆ ಒಂದು ಮೂಗು, ನಡುವೆ ಹೂದಾನಿ. ಸಂಸಾರದಲ್ಲಿ ಹೂದಾನಿಯದ್ದೇ ಮುಖ್ಯ ಪಾತ್ರ ಎಂದು ನಾನು ಬಹುಕಾಲ ನಂಬಿದ್ದೆ.

ಕ್ಯಾಸೆಟಿನ ಮಾತು ಬಂದರೆ ಮಾಷ್ಟ್ರನ್ನು ನಿಲ್ಲಿಸುವುದಕ್ಕಾಗುವುದಿಲ್ಲ. ಗಲ್ಫಿನಿಂದ ಬಂದವರ ಪೆಟ್ಟಿಗೆಯಲ್ಲಿ ಊರಿಗೆ ಬಂದ ವಿಸಿಆರ್, ಪೇಟೆಯಿಂದ ಬಾಡಿಗೆಗೆ ಜೀಪಿನಲ್ಲಿ ತರಿಸುತ್ತಿದ್ದ ಟಿವಿ, ಒಂದು ರಾತ್ರಿಗೆ ಮೂರು ಸಿನಿಮಾ. ಅಂಗಳದಲ್ಲಿ ಚಾಪೆ ಹಾಸಿ, ಅಡಿಕೆ ಸುಲಿಯಲು ಬಂದವರನ್ನೂ ಕೂರಿಸಿಕೊಂಡು, ಬೆಳಗಿನ ಜಾವದ ಮೂರನೇ ಸಿನಿಮಾಕ್ಕೆ ಎಚ್ಚರ ಇರುತ್ತಿದ್ದದ್ದು ಬಾಡಿಗೆ ಲೆಕ್ಕ ಹಾಕುವ ಯಜಮಾನರು ಮಾತ್ರ. ಮೂರು ಗಂಟೆಯ ಒಂದು ಕ್ಯಾಸೆಟಿನಲ್ಲಿ ಕಾಲು ಕಿಲೋಮೀಟರಿಗೂ ತುಸು ಹೆಚ್ಚು ಉದ್ದದ ಟೇಪು ಸುತ್ತಿಕೊಂಡಿರುತ್ತದೆ. ಅದನ್ನು ನಮ್ಮ ನಾಲ್ಕು ತಿಂಗಳ ಮಳೆಯಲ್ಲಿ ಕಪಾಟಿನಲ್ಲಿಟ್ಟು ನೋಡಿ! ಆಟಿ ತಿಂಗಳು ಕಳೆಯುವುದರೊಳಗೆ ಅಂಚಿಗೆ ಬಿಳಿ ಬೂಷ್ಟು ಹಿಡಿದಿರುತ್ತದೆ. ಯಂತ್ರಕ್ಕೆ ಹಾಕಿದರೆ ಬೂಷ್ಟು ಹೆಡ್ಡಿಗೆ ಮೆತ್ತಿ, ಪರದೆಯ ಮೇಲೂ ಸೋಣೆ ಮಳೆ. ಬೇಸಗೆಯ ಕಥೆಯನ್ನೂ ನಾವು ಮಳೆಯಲ್ಲೇ ನೋಡಿದವರು.

ಚರ್ಚೆ ಇಷ್ಟರಲ್ಲೇ ರಬ್ಬರ್ ಟ್ಯಾಪಿಂಗ್ ಎಂದು ಎತ್ತಲೋ ಹೊರಳುವುದರಲ್ಲಿತ್ತು. ನಾನೇ ‘ಚೋಮನ ದುಡಿ’ಯನ್ನು ತಂದೆ. ಸಿನಿಮಾ ವಿಷಯದಲ್ಲಿ ಪುತ್ತೂರಿನವರಿಗೆ ಎದೆ ಉಬ್ಬಿಸಲು ಅದೊಂದು ಸಾಕು. ಕಾದಂಬರಿ 1933ರದ್ದು, ಬರೆದ ಶಿವರಾಮ ಕಾರಂತರು ದಶಕಗಳ ಕಾಲ ನಮ್ಮ ಬಾಲವನದಲ್ಲಿದ್ದವರು. 1975ರಲ್ಲಿ ಸಿನಿಮಾ ಮಾಡಿದ ಬಿ.ವಿ. ಕಾರಂತರು ಇಲ್ಲೇ ಬಂಟ್ವಾಳದ ಮಂಚಿಯವರು. ಚಿತ್ರಕ್ಕೆ ಸ್ವರ್ಣಕಮಲ ಬಂತು, ಚೋಮನಾದ ಎಂ.ವಿ. ವಾಸುದೇವ ರಾವ್ ದೇಶದ ಶ್ರೇಷ್ಠ ನಟರಾದರು. ಅಲ್ಲಿ ಬಣ್ಣದ ಮಾತೆತ್ತುವ ಧೈರ್ಯ ಮಾಷ್ಟ್ರಿಗೂ ಬರಲಿಲ್ಲ. ಚೋಮನ ಗುಡಿಸಲಿನ ಕತ್ತಲೆಗೆ ಹಸಿರೋ ನೀಲಿಯೋ ಬಳಿಯುವುದು ಯಾರಿಗೆ ಬೇಕು?

ಸಿನಿಮಾ ಹುಚ್ಚು ಕಾರಂತರಿಗೂ ಇತ್ತು ಎಂಬುದನ್ನು ನಾವು ಮರೆಯುತ್ತೇವೆ. ‘ಚೋಮನ ದುಡಿ’ ಬರೆಯುವ ಮೊದಲೇ, 1930ರ ಆಸುಪಾಸಿನಲ್ಲಿ ‘ಡೊಮಿಂಗೊ’, ‘ಭೂತರಾಜ್ಯ’ ಎಂಬ ಮೂಕಿ ಚಿತ್ರಗಳನ್ನು ಮಾಡಿದ್ದರು. ತಮ್ಮ ‘ಕುಡಿಯರ ಕೂಸು’ ಕಾದಂಬರಿಯನ್ನು 1978ರಲ್ಲಿ ‘ಮಲೆಯ ಮಕ್ಕಳು’ ಎಂದು ತಾವೇ ತೆರೆಗೆ ತಂದರು. ಮೂಕಿ ಚಿತ್ರಗಳನ್ನು ನೋಡಿದವರು ಒಬ್ಬರೂ ನನಗೆ ಸಿಕ್ಕಿಲ್ಲ. ಕನ್ನಡದ ಮೊದಲ ಟಾಕಿ, 1934ರ ‘ಸತಿ ಸುಲೋಚನಾ’ದ ಪ್ರತಿಯೂ ಉಳಿದಿಲ್ಲ. ಜಗಳಕ್ಕೂ ಒಂದು ಪ್ರತಿ ಬೇಕಲ್ಲ! ಬಣ್ಣ ಹಾಕಿದರು, ತಲೆ ಕತ್ತರಿಸಿದರು ಎಂದು ಬೈಯುವುದಕ್ಕಾದರೂ ಸಿನಿಮಾ ಎಲ್ಲೋ ಒಂದು ಕಡೆ ಇರಬೇಕು.

“ಹಾಗೆಂದರೆ ‘ಕೋಟಿ ಚೆನ್ನಯ’?” ಎಂದು ಮೂಲೆಯಿಂದ ಒಂದು ಸ್ವರ. ಪಡುಮಲೆಯ ಕಡೆಯ ಹಿರಿಯರೊಬ್ಬರು, ಅಷ್ಟು ಹೊತ್ತು ಸುಮ್ಮನಿದ್ದವರು. 1973ರಲ್ಲಿ ವಿಶುಕುಮಾರ್ ತೆಗೆದ ತುಳು ಚಿತ್ರ ಅದು. ಪಡುಮಲೆ ಆ ವೀರರ ಹುಟ್ಟೂರು, ಅವರು ಬಿದ್ದ ಎಣ್ಮೂರು ದೂರವಿಲ್ಲ. ಹಿರಿಯರ ತಕರಾರು ಬಣ್ಣದ್ದೂ ಅಲ್ಲ, ಕ್ಯಾಸೆಟಿನದ್ದೂ ಅಲ್ಲ. ಅವರ ಅಮ್ಮ ನೇಜಿ ನೆಡುವಾಗ ಹೇಳುತ್ತಿದ್ದ ಪಾಡ್ದನದಲ್ಲಿ ಇದ್ದ ಹಾಗೆ ಸಿನಿಮಾದಲ್ಲಿ ಇರಲಿಲ್ಲ, ಅಷ್ಟೆ. ಫೋರ್ ಕೆ ಹುಡುಗನೂ ತೆಪ್ಪಗಾದ. ಅಮ್ಮನ ಪಾಡ್ದನವನ್ನು ಯಾವ ನೆಗೆಟಿವ್‌ನಿಂದ ಸ್ಕ್ಯಾನ್ ಮಾಡುವುದು?

ಹುಡುಗನನ್ನು ಹೀಗೆ ಕೈಬಿಡುವುದೂ ನ್ಯಾಯವಲ್ಲ. ಅವನ ವಾದದಲ್ಲಿ ಸತ್ವ ಇತ್ತು, ಅದಕ್ಕೆ ಸಾಕ್ಷಿ ಒದಗಿಸಿದವನು ನಾನು. ನಮ್ಮ ಓರಗೆಯವರನ್ನೆಲ್ಲ ಭಾನುವಾರದ ಹಗಲಿನಲ್ಲೂ ಹೆದರಿಸಿದ ದೂರದರ್ಶನದ ‘ಗುಡ್ಡದ ಭೂತ’ ನೆನಪಿದೆಯಲ್ಲ? ಆ ಧಾರಾವಾಹಿ ಬಂದ ಕಾಲದಲ್ಲಿ ಸಂಜೆಯ ಮೇಲೆ ಹಟ್ಟಿಗೆ ಹೋಗಲು ನನಗೆ ಜೊತೆ ಬೇಕಾಗಿತ್ತು. ಅದನ್ನು ನಿರ್ದೇಶಿಸಿದವರು ಮೂಲ್ಕಿಯ ಸದಾನಂದ ಸುವರ್ಣ. ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ, 1977ರ ‘ಘಟಶ್ರಾದ್ಧ’ಕ್ಕೆ ದುಡ್ಡು ಹಾಕಿದವರೂ ಅವರೇ. ಪುಣೆಯ ಭಂಡಾರದಲ್ಲಿ ಉಳಿದುಕೊಂಡಿದ್ದ ಅದರ ಮೂಲ ನೆಗೆಟಿವ್ ಇಟಲಿಯ ಬೊಲೊನ್ಯಾಕ್ಕೆ ಹೋಗಿ ಫೋರ್ ಕೆ ಆಗಿ ಬಂತು. ಮಾರ್ಟಿನ್ ಸ್ಕಾರ್ಸೆಸೆಯವರ ಸಂಸ್ಥೆಯೂ ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ನೂ ಸೇರಿ ಮಾಡಿದ ಕೆಲಸ. 2024ರ ಸೆಪ್ಟೆಂಬರಿನಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದರು. ಸುವರ್ಣರು ಅದೇ ವರ್ಷದ ಜುಲೈಯಲ್ಲಿ ತೀರಿಕೊಂಡಿದ್ದರು.

“ವೆನಿಸ್ಸಿನವರಿಗೆ ಕಂಡಿತು. ಕಡಬದವರಿಗೆ?” ಎಂದರು ಭಾವ. ಇದಕ್ಕೆ ಎಲ್ಲ ಪಕ್ಷಗಳ ಒಮ್ಮತ ಸಿಕ್ಕಿತು, ಆ ಮಧ್ಯಾಹ್ನ ಮೊದಲ ಬಾರಿಗೆ. ಒಳ್ಳೆಯ ಪ್ರತಿ ಸಿದ್ಧವಾಗುವ ಹೊತ್ತಿಗೆ ಡಿಸ್ಕ್ ಮಾರುವ ಅಂಗಡಿಗಳೆಲ್ಲ ಮೊಬೈಲ್ ಅಂಗಡಿಗಳಾದವು. ನಮ್ಮ ಡಿಸ್ಕುಗಳೋ, ಬಸಳೆ ಚಪ್ಪರದಲ್ಲಿ ನೇತಾಡಿಕೊಂಡು ಹಕ್ಕಿ ಓಡಿಸುತ್ತಿವೆ. ಮಂಗಗಳು ಮಾತ್ರ ಹೆದರುವುದಿಲ್ಲ. ತಟ್ಟೆ ಹಿಡಿದು ಮುಖ ನೋಡಿಕೊಂಡು ಹೋಗುತ್ತವೆ.

ಆಗ ಮಾಷ್ಟ್ರು ತಮ್ಮ ಕೊನೆಯ ಅಸ್ತ್ರ ತೆಗೆದರು. ಅವರ ಅಟ್ಟದಲ್ಲಿ ಒಂದು ವಿಸಿಪಿ ಉಂಟು, ಮೋಟಾರು ಸರಿ ಉಂಟು, ಬೆಲ್ಟ್ ಒಂದು ತುಂಡಾಗಿದೆ. ಬೂಷ್ಟು ಹಿಡಿಯದ ಒಂದಷ್ಟು ಕ್ಯಾಸೆಟ್ ಅಕ್ಕಿ ಡಬ್ಬಿಯಲ್ಲಿವೆ. ಅದನ್ನು ಸರಿಮಾಡಿಸಿ ಎಲ್ಲರೂ ಕೂತು ನೋಡಿದರೆ ಯಾವುದು ಒಳ್ಳೆಯದೆಂದು ಇತ್ಯರ್ಥವಾಗಿ ಹೋಗುತ್ತದಲ್ಲ? ಮೊದಲು ಯಾವ ಸಿನಿಮಾ ಹಾಕುವುದೆಂಬ ಬಗ್ಗೆ ಅಲ್ಲೇ ಇನ್ನೊಂದು ಪ್ರಸಂಗ ಶುರುವಾಗಿ, ಸಂಜೆಯ ಕಾಫಿ ಬರುವಾಗ ಯುದ್ಧಕಾಂಡಕ್ಕೆ ಮುಟ್ಟಿತ್ತು. ಕಾಫಿ ಕುಡಿದು ಭಾವ ತಮಗೆ ಗೊತ್ತಿದ್ದ ಪುತ್ತೂರಿನ ಒಬ್ಬ ರಿಪೇರಿಯವರಿಗೆ ಫೋನ್ ಹಚ್ಚಿದರು. ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿತು.

“ವಿಸಿಪಿಯಾ? ತನ್ನಿ ತನ್ನಿ, ನೋಡುವಾ. ಆದರೆ ಈಗ ಬೇಡ, ಮಹಾಲಿಂಗೇಶ್ವರನ ಜಾತ್ರೆ ಕಳೆಯಲಿ.”

ಫೋನ್ ಇಟ್ಟ ಮೇಲೆ ಮಾಷ್ಟ್ರು ಕನ್ನಡಕ ಒರೆಸುತ್ತಾ ಭಾವನನ್ನು ನೋಡಿದರು. “ಯಾವ ವರ್ಷದ ಜಾತ್ರೆ ಎಂದು ಕೇಳಬೇಕಿತ್ತು ನೀವು.”