ಬ್ರಾಡ್‌ಬ್ಯಾಂಡ್ ಐಡಿಯವರ ಸನ್ನಿಧಾನಕ್ಕೆ

ಮ॥ರಾ॥ರಾ॥ ಬ್ರಾಡ್‌ಬ್ಯಾಂಡ್ ಕನೆಕ್ಷನ್ ಐಡಿಯವರಿಗೆ, ಕೊಪ್ಪ ತಾಲ್ಲೂಕು ಜಯಪುರದ ಗ್ರಾಹಕನೊಬ್ಬನ ವಿಜ್ಞಾಪನೆಗಳು. ಇಲ್ಲಿ ಮಳೆಯೊಂದನ್ನು ಬಿಟ್ಟು ಮಿಕ್ಕೆಲ್ಲ ಕ್ಷೇಮ. ತಾವು ಎಲ್ಲಿದ್ದೀರೆಂದು ತಿಳಿಸಿದರೆ ತಮ್ಮ ಕ್ಷೇಮವನ್ನೂ ವಿಚಾರಿಸುತ್ತೇನೆ.

ಕಂಪನಿ ಬದಲಿಸೋಣವೆಂದು ಹಳೆಯವರಿಗೆ ಫೋನ್ ಮಾಡಿದೆ. 'ಐಡಿ ಹೇಳಿ ಸರ್' ಎಂದರು. ಹೆಸರು ಹೇಳಿದೆ, ಮನೆತನ ಹೇಳಿದೆ, ತೋಟಕ್ಕೆ ಇಳಿಯುವ ದಾರಿಯನ್ನೂ ಹೇಳಿದೆ. ತಾವಿಲ್ಲದೆ ನಾನು ಇಲ್ಲವೇ ಇಲ್ಲವಂತೆ.

ಗೋಡೆಯ ಡಬ್ಬಿ ಇಳಿಸಿ ಬೋರಲು ಹಾಕಿದರೆ ತಮ್ಮ ಬಳಗವೆಲ್ಲ ಅಲ್ಲೇ ಇತ್ತು. ಮ್ಯಾಕ್ ಅಡ್ರೆಸ್‌ಗೆ 12 ಅಕ್ಷರ. ಜಿಪಾನ್ ಸೀರಿಯಲ್ ನಂಬರಿಗೂ 12, ಅದರಲ್ಲಿ ಮೊದಲ 4 ತಯಾರಕರ ಗುರುತು. ಎಲ್ಲವೂ ಡಬ್ಬಿಯ ಜಾತಕ, ನನ್ನದೊಂದೂ ಇಲ್ಲ. ತಾವು ಬಿಲ್ಲಿನ ಮೂಲೆಯಲ್ಲಿ ವಾಸವಂತೆ. ಬಿಲ್ಲು ಇಮೇಲಿಗೆ ಬರುತ್ತದೆ, ಇಮೇಲ್ ತೆರೆಯಲು ನೆಟ್ ಬೇಕು, ನೆಟ್ಟಿನ ಮೇಲೆ ಮರ ಬಿದ್ದಿದೆ. ಪಿಪಿಪಿಒಇ ಯೂಸರ್‌ನೇಮ್ ಎಂಬ ತಮ್ಮ ತಮ್ಮನೊಬ್ಬ ರೂಟರಿನ ಹೊಟ್ಟೆಯೊಳಗಿದ್ದಾನೆ. ಆ ಬಾಗಿಲಿನ ಪಾಸ್‌ವರ್ಡ್ ಕೇಬಲ್ ಹುಡುಗನ ಬಳಿ. ಅವನಿಗೋ ತಮ್ಮ ಪರಿಚಯವೇ ಇಲ್ಲ. ಅವನ ಲೆಕ್ಕದಲ್ಲಿ ನಾನು 'ಹಲಸಿನ ಮರದ ಲೈನು'. ನಿಜ ಹೇಳಬೇಕೆಂದರೆ, ಈ ಸೀಮೆಯಲ್ಲಿ ಕೆಲಸಕ್ಕೆ ಬರುವ ಐಡಿ ಅದೊಂದೇ.

ತಮ್ಮ ದಾಯಾದಿ ಮೊಬೈಲ್ ನಂಬರನ್ನು ನೋಡಿ. 2011ರ ಜನವರಿ 20ರಿಂದ ದೇಶದಲ್ಲೆಲ್ಲ ಅವರು ಕಂಪನಿ ಬಿಟ್ಟು ಕಂಪನಿಗೆ ಹೋಗುತ್ತಿದ್ದಾರೆ. 'ಪೋರ್ಟ್' ಎಂದು ಬರೆದು ನಂಬರ್ ಸೇರಿಸಿ 1900ಕ್ಕೆ ಎಸ್ಸೆಮ್ಮೆಸ್ ಕಳಿಸಿದರೆ 8 ಅಕ್ಷರದ ಕೋಡ್ ಬರುತ್ತದೆ, ನಮ್ಮಲ್ಲಿ ಅದಕ್ಕೆ 4 ದಿನ ಆಯುಸ್ಸು. ಬ್ರಿಟನ್ನಿನಲ್ಲಂತೂ 2024ರ ಸೆಪ್ಟೆಂಬರ್ 12ರಿಂದ ಮನೆಯ ಬ್ರಾಡ್‌ಬ್ಯಾಂಡಿಗೂ ಆ ಭಾಗ್ಯ: ಹೊಸ ಕಂಪನಿಗೆ ಹೇಳಿದರಾಯಿತು, ಹಳೆಯದನ್ನು ಬಿಡಿಸುವ ತಲೆನೋವು ಅದರದ್ದೇ.

ಇಲ್ಲಿ ಹೊಸ ಕಂಪನಿಗೆ ತಾವು ಬೇಡವೇ ಬೇಡ, ಅವರು ಹೊಸ ಐಡಿಯನ್ನೇ ಹುಟ್ಟಿಸುತ್ತಾರೆ. ತಾವು ಬೇಕಾಗಿರುವುದು ಹಳೆಯವರಿಂದ ಬಿಡುಗಡೆ ಪಡೆದು, ಡಬ್ಬಿ ಒಪ್ಪಿಸಿ, ಡಿಪಾಸಿಟ್ ಕೇಳುವುದಕ್ಕೆ. ದುಡ್ಡು ಕಟ್ಟುವಾಗ ಹೆಸರು ಸಾಕಿತ್ತು, ವಾಪಸ್ ಕೇಳುವಾಗ ಮಾತ್ರ ತಮ್ಮ ದರ್ಶನವಾಗಬೇಕು. ದೂರಸಂಪರ್ಕದ ದೊಡ್ಡವರು ಮನಸ್ಸು ಮಾಡಿ ಬ್ರಾಡ್‌ಬ್ಯಾಂಡಿಗೂ ಒಂದು 1900 ದಯಪಾಲಿಸಿದರೆ ನಾನೂ ತಾವೂ ಇಬ್ಬರೂ ಬದುಕಿಕೊಂಡೇವು.

ಅಲ್ಲಿಯವರೆಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಬಂಧುಗಳಲ್ಲಿ ಒಂದು ಅರಿಕೆ: ಡಬ್ಬಿ ಕೂರಿಸಲು ಬಂದವನು ಕಾಫಿ ಕುಡಿದು ಏಳುವ ಮೊದಲೇ ಅವನ ಕೈಯಲ್ಲಿ ಐಡಿ ಬರೆಸಿಕೊಳ್ಳಿ. ಡಬ್ಬಿ ವಾಪಸ್ ಕೊಡುವಾಗ ರಸೀದಿ ಬಿಡಬೇಡಿ.