ವಾಸು ಊಟ ಮಾಡಿದ್ನಾ?

ಹ್ಯೂಸ್ಟನ್ನಿನ ನಮ್ಮ ಮನೆಗೆ ಮೊಟ್ಟೆ ಹಾಕಿದ ಕೇಕು ಕೂಡ ಬರುವುದಿಲ್ಲ. ಬರುವುದಿಲ್ಲ ಅಂದರೆ, ಅತ್ತೆ ಮೈಸೂರಿನಿಂದ ಬಂದಿರುವಾಗ ಬರುವುದಿಲ್ಲ. ಅಂಥ ಮನೆಯ ಗ್ಯಾರೇಜಿನಲ್ಲಿ ಈಗ ಇಲಿಗಳಿಗೆಂದೇ ಒಂದು ಪುಟ್ಟ ಫ್ರೀಜರ್ ಇದೆ.

2020ರ ಆರಂಭದಲ್ಲಿ ಬಂದ ಅತ್ತೆ, ಮಾರ್ಚಿನಲ್ಲಿ ಕೋವಿಡ್‌ನಿಂದಾಗಿ ವಿಮಾನಗಳು ನಿಂತದ್ದರಿಂದ ನಮ್ಮಲ್ಲೇ ಉಳಿದರು. ಶಾಲೆ ಮುಚ್ಚಿತು. ಮನೆಯಲ್ಲಿ ಕೂತು ಬೇಜಾರಾದ ಮಗ ನಾಯಿ ಬೇಕೆಂದು ಹಟ ಹಿಡಿದ. ನಮ್ಮವರಿಗೆ ನಾಯಿಕೂದಲು ಆಗದು. "ಕೂದಲಿಲ್ಲದ್ದು ಏನಾದ್ರೂ ತಗೋ" ಅಂದುಬಿಟ್ಟರು. ಬಂದದ್ದು ಬಾಲ್ ಪೈಥಾನ್. ಆಫ್ರಿಕಾ ಮೂಲದ್ದು, ವಿಷವಿಲ್ಲ, ಹೆದರಿದರೆ ಉಂಡೆಯಾಗಿ ಸುತ್ತಿಕೊಂಡು ತಲೆಯನ್ನು ಒಳಗೆ ಬಚ್ಚಿಟ್ಟುಕೊಳ್ಳುತ್ತದೆ. ಚೆನ್ನಾಗಿ ನೋಡಿಕೊಂಡರೆ ಮೂವತ್ತು ವರ್ಷ ಬಾಳುತ್ತದಂತೆ. ನಮ್ಮ ಮನೆಸಾಲದ ಅವಧಿಯೂ ಅಷ್ಟೇ.

ಅತ್ತೆ ಕಿರುಚುತ್ತಾರೆ ಅಂದುಕೊಂಡಿದ್ದೆ. ಅವರು ಕೈಮುಗಿದರು. "ನಾಗಪ್ಪ ತಾನಾಗಿ ಮನೆಗೆ ಬಂದಿದ್ದಾನೆ, ಬೇಡ ಅನ್ನಬಾರದು ಕಣೇ." ಮಗ ಇಟ್ಟಿದ್ದ ನೂಡಲ್ ಎಂಬ ಹೆಸರು ಅಂದೇ ರದ್ದಾಗಿ ವಾಸುಕಿ ಎಂದಾಯಿತು, ಸಂಜೆಯ ಹೊತ್ತಿಗೆ ವಾಸು.

"ಏನು ತಿನ್ನತ್ತೋ ಪುಟ್ಟಾ?"

"ಇಲಿ, ಅಜ್ಜಿ."

"ಅಭ್ಯಾಸ ಮಾಡಿಸಿದ್ರೆ ಮೊಸರನ್ನ ತಿನ್ನಲ್ವಾ?"

ಜಗತ್ತಿನಲ್ಲಿ ಸಸ್ಯಾಹಾರಿ ಹಾವು ಅಂತ ಒಂದೂ ಇಲ್ಲ. ಹುಡುಕಿದವಳು ನಾನೇ. ತೀರಾ ಸಾತ್ವಿಕವೆಂದರೆ ಆಫ್ರಿಕಾದಲ್ಲಿ ಹಕ್ಕಿಮೊಟ್ಟೆಯನ್ನಷ್ಟೇ ತಿನ್ನುವ ಹಾವುಗಳಿವೆ. ಇಡೀ ಮೊಟ್ಟೆ ನುಂಗಿ, ಗಂಟಲಲ್ಲೇ ಒಡೆದು, ಚಿಪ್ಪನ್ನು ಉಗುಳುತ್ತವೆ. "ಒಳಗೇ ಒಡೆಯತ್ತಾ? ಹಾಗಾದ್ರೆ ನಮ್ಮ ಕಣ್ಣಿಗೆ ಬೀಳಲ್ಲ ಬಿಡು" ಎಂದು ಅತ್ತೆ ಅರ್ಧ ಒಪ್ಪಿದ್ದರು. ಆದರೆ ವಾಸು ಆ ಪಂಗಡದವನಲ್ಲ.

ಕೊಂದು ಹೆಪ್ಪುಗಟ್ಟಿಸಿದ ಇಲಿಗಳು ಇಲ್ಲಿ ಅಳತೆವಾರು ಪ್ಯಾಕೆಟ್ಟಿನಲ್ಲಿ ಸಿಗುತ್ತವೆ. ಜೀವಂತ ಇಲಿ ಬಿಟ್ಟರೆ ಅದೇ ಹಾವನ್ನು ಕಚ್ಚಿ ಗಾಯ ಮಾಡುವುದುಂಟು. ಮೊದಲ ಪ್ಯಾಕೆಟ್ಟನ್ನು ಮಗ ಅಡುಗೆಮನೆಯ ಫ್ರೀಜರಿನಲ್ಲಿ, ಅವರೆಕಾಳಿಗೂ ತೆಂಗಿನತುರಿಗೂ ನಡುವೆ ಇಟ್ಟ. ಅತ್ತೆ ತುರಿಗೆ ಕೈಹಾಕಿದರು. ಮುಂದಿನದನ್ನು ಬರೆಯುವಂತಿಲ್ಲ. ಸಮಾಧಾನ ಮಾಡೋಣವೆಂದು ನಾನು ಅಮೆರಿಕದ ರೋಗನಿಯಂತ್ರಣ ಸಂಸ್ಥೆ ಸಿಡಿಸಿಯ ಸೂಚನೆಗಳನ್ನು ಕನ್ನಡದಲ್ಲಿ ಓದಿ ಹೇಳಿದೆ: ಹೆಪ್ಪುಗಟ್ಟಿದ ಇಲಿಯಲ್ಲೂ ಸಾಲ್ಮೊನೆಲ್ಲಾ ರೋಗಾಣು ಸಾಯುವುದಿಲ್ಲ, ನಾವು ತಿನ್ನುವ ಪದಾರ್ಥದ ಹತ್ತಿರ ಇಡಬಾರದು, ಅದರ ಪಾತ್ರೆಪಡಗ ಬೇರೆಯೇ ಇರಬೇಕು, ಮುಟ್ಟಿದ ಮೇಲೆ ಸೋಪು ಹಚ್ಚಿ ಕೈತೊಳೆಯಬೇಕು. ಅತ್ತೆ ಪೂರ್ತಿ ಕೇಳಿಸಿಕೊಂಡರು. "ನೀನು ಮದುವೆಯಾಗಿ ಬಂದಾಗಿಂದ ನಾನು ಹೇಳ್ತಿರೋದು ಇದನ್ನೇ ಅಲ್ವೇನೇ? ಅಮೆರಿಕ ಸರ್ಕಾರ ಹೇಳಿದ್ರೆ ಮಾತ್ರ ನಿನ್ನ ಕಿವಿಗೆ ಬೀಳತ್ತೆ."

ಊಟದ ಕ್ರಮ ಮಾತ್ರ ಅವರಿಗೆ ಬಹಳ ಹಿಡಿಸಿತು. ಹಿಂದಿನ ರಾತ್ರಿ ತಣ್ಣಗಿನ ಪೆಟ್ಟಿಗೆಯಲ್ಲಿಟ್ಟು ಕರಗಿಸಿ, ಕವರಿನಲ್ಲಿ ಹಾಕಿ ಬಿಸಿನೀರಿನಲ್ಲಿ ಅದ್ದಬೇಕು. ಮೈಕ್ರೋವೇವ್ ಕೂಡದು. ಈ ಹಾವಿನ ತುಟಿಯಂಚಿನಲ್ಲಿ ಶಾಖ ಗ್ರಹಿಸುವ ಗುಳಿಗಳಿವೆ, ಬೆಚ್ಚಗಿಲ್ಲದ ಇಲಿ ಅದಕ್ಕೆ ಊಟವೆಂದೇ ಅನ್ನಿಸದು. "ಮತ್ತೆ! ತಣ್ಣಗಿರೋದು ಯಾರು ತಿಂತಾರೆ?" ಎಂದು ಅತ್ತೆ ಬಾಗಿಲಲ್ಲಿ ಕಣ್ಣುಮುಚ್ಚಿ ನಿಂತೇ ವಕಾಲತ್ತು ವಹಿಸಿದರು. ಅವರಿಗೆ ತಡೆಯಲಾಗದೇ ಹೋದದ್ದು ಪ್ರಮಾಣ. ಹಾವಿನ ಮೈ ಎಲ್ಲಿ ಹೆಚ್ಚು ದಪ್ಪವೋ ಅಷ್ಟು ದಪ್ಪದ ಒಂದು ಇಲಿ, ಮರಿಗೆ ವಾರಕ್ಕೊಂದು ಸಲ, ದೊಡ್ಡದಾದ ಮೇಲೆ ಇನ್ನೂ ಅಪರೂಪ. ಹೆಚ್ಚು ಹಾಕಿದರೆ ಬೊಜ್ಜು. ಮೂಳೆಯ ಸುಣ್ಣ, ಯಕೃತ್ತಿನ ವಿಟಮಿನ್ನು, ಬಾಳೆಲೆ ಊಟವೆಲ್ಲ ಒಂದೇ ತುತ್ತಿನಲ್ಲಿ ಮುಗಿಯುತ್ತದೆ. ಆದರೆ ಅತಿಥಿ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಪಾಯಸ ಬಡಿಸುವ ಕೈ ಅವರದು. "ಇನ್ನೊಂದೇ ಒಂದು ಹಾಕೋ, ಬೆಳೆಯೋ ಮಗು!"

ಆ ಜುಲೈ 25ರಂದು ನಾಗರ ಪಂಚಮಿ. ಚಿಗಳಿ, ತಂಬಿಟ್ಟು ಸಿದ್ಧವಾದವು. ಅತ್ತೆ ಬೆಳ್ಳಿಲೋಟದಲ್ಲಿ ಹಾಲು ಹಿಡಿದು ವಾಸುವಿನ ಗಾಜಿನ ಪೆಟ್ಟಿಗೆಯತ್ತ ಹೊರಟರು. ಮಗ ಅಡ್ಡ ನಿಂತ. ಹಾವಿಗೆ ಹಾಲು ಜೀರ್ಣವಾಗುವುದಿಲ್ಲ, ಹಾವಾಡಿಗರು ನೀರು ಕೊಡದೆ ಒಣಗಿಸಿಡುವುದರಿಂದ ಬಾಯಾರಿ ಕುಡಿಯುತ್ತದೆ, ಅಷ್ಟೇ ಎಂದ. ರಾಜಿಯಾಯಿತು. ಬೆಳ್ಳಿಯ ನಾಗಪ್ಪನಿಗೆ ತನಿ ಎರೆದರು, ವಾಸುವಿಗೆ ಶುದ್ಧ ನೀರು ಸಂದಿತು, ತಂಬಿಟ್ಟನ್ನು ಮಗ ಮುಗಿಸಿದ.

ಚಳಿಗಾಲಕ್ಕೆ ವಾಸು ಊಟ ಬಿಟ್ಟ. ಈ ಜಾತಿಗೆ ತಿಂಗಳುಗಟ್ಟಲೆ ಉಪವಾಸವಿರುವುದು ಹೊಸದಲ್ಲ, ತೂಕ ಇಳಿಯದಿದ್ದರೆ ಗಾಬರಿ ಬೇಡ. ನಾವು ತೂಗುತ್ತ ಸುಮ್ಮನಿದ್ದೆವು. ಅತ್ತೆ ಮೈಸೂರಿಗೆ ಫೋನು ಮಾಡಿದರು. "ವಾಸು ಏನೂ ತಿಂತಿಲ್ಲ ಕಣೇ. ಬಿಸಿಬಿಸಿ ತಂದಿಟ್ರೂ ಮುಖ ತಿರುಗಿಸ್ತಾನೆ, ಹಗಲೆಲ್ಲ ಮೂಲೇಲಿ ಮುದುರಿಕೊಂಡಿರ್ತಾನೆ." ನಮ್ಮವರ ಹೆಸರು ಶ್ರೀನಿವಾಸ. ಅತ್ತೆಯ ಬಾಯಲ್ಲಿ ಸೀನು, ಉಳಿದ ಬಂಧುಬಳಗಕ್ಕೆಲ್ಲ ವಾಸು. ನಾನು ಗಂಡನಿಗೆ ಊಟ ಹಾಕುತ್ತಿಲ್ಲವೆಂಬ ಸುದ್ದಿ ಚಾಮರಾಜಪುರಂ ದಾಟಿ ನನ್ನ ತವರಿಗೆ ತಲುಪಿತು. ಅಮ್ಮ ನನಗೆ ಬುದ್ಧಿ ಹೇಳಿದಳು. ಯಾರೋ ಪುಣ್ಯಾತ್ಮರು ಕುಕ್ಕೆಯಲ್ಲಿ ಇವರ ಹೆಸರಿಗೆ ಆಶ್ಲೇಷಾ ಬಲಿಯನ್ನೂ ಮಾಡಿಸಿದರು. ಪೂಜೆಯ ವಿಳಾಸ ಅಷ್ಟೇನೂ ತಪ್ಪಿರಲಿಲ್ಲ.

2021ರ ಫೆಬ್ರವರಿಯ ಹಿಮಗಾಳಿಗೆ ಟೆಕ್ಸಾಸಿನಲ್ಲಿ ಕರೆಂಟು ಹೋಯಿತು. ವಾಸುವಿನ ಪೆಟ್ಟಿಗೆಯ ಒಂದು ಬದಿ ಸದಾ 31-32 ಡಿಗ್ರಿ ಇರಬೇಕು. ಅತ್ತೆ ತಮ್ಮ ಮಂಡಿಗೆ ಇಟ್ಟುಕೊಳ್ಳುತ್ತಿದ್ದ ಬಿಸಿನೀರಿನ ಚೀಲವನ್ನು ಟವೆಲಿನಲ್ಲಿ ಸುತ್ತಿ ಒಳಗಿಡಿಸಿದರು. ಕರೆಂಟು ಬಂದು, ಪೆಟ್ಟಿಗೆ ಮತ್ತೆ ಕಾದು, ಸ್ವಲ್ಪ ದಿನಕ್ಕೆ ವಾಸು ಒಂದು ಇಲಿ ನುಂಗಿದ. ಕೀರ್ತಿ ಹೀಟರಿನದೆಂದು ಮಗ, ಸುಬ್ರಹ್ಮಣ್ಯನದೆಂದು ಅತ್ತೆ. ಜೀರ್ಣವಾಗುವ ತನಕ ಎರಡು ದಿನ ಹಾವನ್ನು ಮುಟ್ಟಬಾರದೆಂಬುದರಲ್ಲಿ ಮಾತ್ರ ಇಬ್ಬರೂ ಒಂದೇ ಪಕ್ಷ.

ಈಗ ಅತ್ತೆ ಮೈಸೂರಿನಲ್ಲಿದ್ದಾರೆ. ಫೋನು ಬಂದರೆ ಮೊದಲ ಪ್ರಶ್ನೆ ವಾಸುವಿನ ಊಟದ್ದು, ಮಗ ಸೀನುವಿನ ಸರದಿ ಆಮೇಲೆ. ಕಳೆದ ಸಲ ದನಿ ತಗ್ಗಿಸಿ ಮೊಮ್ಮಗನಿಗೆ ಅಂದರು: "ಇಲ್ಲಿ ಅಟ್ಟದ ಮೇಲೆ ಇಲಿ ಕಾಟ ಕಣೋ. ಒಂದೊಂದೂ ಎಷ್ಟು ದಪ್ಪ ಗೊತ್ತಾ, ವಾಸುಗೆ ಸರಿಯಾದ ಅಳತೆ. ಸುಮ್ನೆ ದಂಡ ಆಗ್ತಿದೆ."

"ಅಂಥದ್ದು ಕೊಡಬಾರದು ಅಜ್ಜಿ. ಪಾಷಾಣ ತಿಂದಿರತ್ತೆ, ಹುಳ ಇರತ್ತೆ. ಅಂಗಡೀದೇ ಆಗಬೇಕು."

"ಏನು ಅಂಗಡೀದೋ!" ಅಂದರು ಅತ್ತೆ. "ಮನೇದರ ರುಚಿ ಅದಕ್ಕೆಲ್ಲಿ ಬರತ್ತೆ?"