ಚೊಂಬು ಬಿದ್ದದ್ದು

ಕಾಪು ದೀಪಸ್ತಂಭದ ಬಂಡೆಯ ಮೇಲೆ ನಾನು ಬಲಗೈ ಊರಿ ಬಿದ್ದದ್ದು ಜನವರಿಯ ಒಂದು ಭಾನುವಾರ, ಸಂಜೆ ಐದೂ ಕಾಲಿಗೆ. ಗಳಿಗೆ ಇಷ್ಟು ಸರಿಯಾಗಿ ನೆನಪಿದೆ, ಯಾಕೆಂದರೆ ಬಿದ್ದ ಕೂಡಲೇ ಎಡಗೈಯ ವಾಚು ಒಡೆಯಿತೋ ಎಂದು ನೋಡಿದೆ. ಆಮೇಲೆ ಯಾರಾದರೂ ನೋಡಿದರೋ ಎಂದು ನೋಡಿದೆ. ಬಲಗೈಯನ್ನು ನೋಡಿಕೊಂಡದ್ದು ಮನೆಗೆ ಬಂದ ಮೇಲೆ, ಬಚ್ಚಲಿನ ಚಿಲಕ ಹಾಕಿಕೊಂಡು.

ಬೀಳುವ ಎರಡು ನಿಮಿಷ ಮೊದಲು, ಬೆಂಗಳೂರಿನಿಂದ ಬಂದಿದ್ದ ಭಾವನ ಮಕ್ಕಳಿಗೆ ಪಾಠ ಮಾಡುತ್ತಿದ್ದೆ. ಮಾಷ್ಟ್ರಿಕೆಯಿಂದ ನಿವೃತ್ತನಾದರೂ ಬಾಯಿಗೆ ನಿವೃತ್ತಿ ಆಗಿಲ್ಲ. "ಹಾವಸೆ ಇದ್ದಲ್ಲಿ ಕಾಲಿಡಬೇಡಿ. ಈ ದೀಪಸ್ತಂಭ 1901ರದ್ದು. ನಾನು ಐದನೇ ಕ್ಲಾಸಿನಿಂದ ಈ ಬಂಡೆ ಹತ್ತುತ್ತಿದ್ದೇನೆ." 1901ರದ್ದು ನಿಂತೇ ಇತ್ತು. 1962ರದ್ದು ಬಿತ್ತು.

ಕೆಳಗೆ ಮರಳಲ್ಲಿ ಚರುಮುರಿ ತಿನ್ನುತ್ತಿದ್ದ ಹೆಂಡತಿ "ಎಂತ ಆಯ್ತು ಮಾರಾಯ್ರೆ?" ಎಂದು ಕೂಗಿದಳು. "ದಾಲ ಇಜ್ಜಿ" ಎಂದೆ. ಏನೂ ಇಲ್ಲ ಎನ್ನುವ ಈ ತುಳು ಮಾತು ನಮ್ಮ ಜಿಲ್ಲೆಯ ಗಂಡಸರಿಗೆ ಅಮ್ಮ ಎನ್ನುವುದಕ್ಕಿಂತ ಮೊದಲೇ ಬರುತ್ತದೆ. ಬಗ್ಗಿದ್ದಕ್ಕೆ ಸಾಕ್ಷಿ ಬೇಕಲ್ಲ, ಎಡಗೈಯಲ್ಲಿ ಒಂದು ಚಿಪ್ಪು ಹೆಕ್ಕಿ ಮಗುವಿಗೆ ಕೊಟ್ಟೆ.

ಹೇಳಬಹುದಿತ್ತು. ಆದರೆ ಕೈಗೆ ಒಂದು ಬಟ್ಟೆ ಸುತ್ತಿಕೊಂಡು ಉಡುಪಿ ಬಸ್ಸು ಹತ್ತಿ ನೋಡಿ. ಕಂಡಕ್ಟರಿನಿಂದ ಹಿಡಿದು ಮೀನಿನ ಬುಟ್ಟಿಯವಳ ತನಕ ಎಲ್ಲರಿಗೂ ಕಥೆ ಹೇಳಬೇಕು. ಒಬ್ಬರು ಎಣ್ಣೆ ತಿಕ್ಕಿ ಎನ್ನುತ್ತಾರೆ, ಒಬ್ಬರು ಉಪ್ಪಿನ ಶಾಖ ಎನ್ನುತ್ತಾರೆ, ಇನ್ನೊಬ್ಬರು ಕೇಳದೆಯೇ ಕೈ ಹಿಡಿದು ಉಳುಕು ತೆಗೆಯಲು ಹೊರಡುತ್ತಾರೆ. ಕೊನೆಗೆ ಎಲ್ಲರದ್ದೂ ಒಂದೇ ಪ್ರಶ್ನೆ: ಈ ಪ್ರಾಯದಲ್ಲಿ ನಿಮಗೆ ಬಂಡೆ ಹತ್ತುವ ಕೆಲಸ ಎಂತದು? ಉತ್ತರ ಇಲ್ಲದ ಪ್ರಶ್ನೆಗಿಂತ ನೋವು ವಾಸಿ.

ಬುಧವಾರ ಉಡುಪಿಯಲ್ಲಿ ಒಂದು ಉಪನಯನದ ಊಟ. ಬಾಳೆಲೆಯ ಮುಂದೆ ಕೂತಾಗಲೇ ಗೊತ್ತಾದದ್ದು, ಅನ್ನ ಕಲಸುವುದು ನಾಲ್ಕು ಬೆರಳಲ್ಲ, ಹೆಬ್ಬೆರಳು ಎಂದು. ಅದೇ ಮುಷ್ಕರ ಹೂಡಿತ್ತು. ಎಡಗೈ ಹಾಕುವ ಹಾಗಿಲ್ಲ, ಪಕ್ಕದಲ್ಲಿ ಮಡಿಯ ಹಿರಿಯರು. ಅನ್ನದ ನಡುವೆ ಗುಂಡಿ ಮಾಡಿದೆ, ಮಾಣಿ ಸಾರು ಹೊಯ್ದ. ಕಟ್ಟೆ ಕಟ್ಟುವ ಮೊದಲೇ ಒಡೆಯಿತು. ಸಾರು ಎಲೆಯ ನರ ಹಿಡಿದು ಹಿರಿಯರ ಕಡೆಗೆ ಪ್ರಯಾಣ ಹೊರಟಿತು. ಅವರು ಮಾತಾಡದೆ ತಮ್ಮ ಎಲೆಯ ಅಂಚನ್ನು ಎತ್ತಿ ಹಿಡಿದರು, ನೆರೆ ಬಂದಾಗ ಅಂಗಡಿಯವ ಅಕ್ಕಿ ಮೂಟೆ ಎತ್ತಿಡುವ ಹಾಗೆ. ಆಮೇಲೆ ಮಟ್ಟುಗುಳ್ಳದ ಕೊದ್ದೆಲ್. ಕಾಪುವಿನ ಪಕ್ಕದ ಮಟ್ಟುವಿನಲ್ಲಿ ಬೆಳೆದು, 2011ರಲ್ಲಿ ಭೌಗೋಳಿಕ ಸೂಚಕದ ಮೊಹರು ಪಡೆದ ಬದನೆ ಅದು. ತೋರುಬೆರಳು ಮತ್ತು ಮಧ್ಯದ ಬೆರಳಿನ ನಡುವೆ ಅದನ್ನು ಇಕ್ಕಳದಂತೆ ಹಿಡಿದೆ. ಬಾಯಿಯ ತನಕ ಬಂತು. ಬಾಯಿ ತೆರೆದೆ. ಮೊಹರು ಸಮೇತ ಜಾರಿ ಪಂಚೆಯ ಮೇಲೆ ಕೂತಿತು. ಮೂರು ಸಲ ಪ್ರಯತ್ನಿಸಿ ಮೂರು ಹೋಳು ಕಳೆದುಕೊಂಡೆ. ನಾಲ್ಕನೆಯದಕ್ಕೆ ಬಾಯಿಯನ್ನೇ ಎಲೆಯ ಹತ್ತಿರ ಒಯ್ದೆ. ಆಗ ಬಂತು ಪಾಯಸ. ಎಲೆಯಿಂದ ಪಾಯಸ ಎತ್ತಬೇಕಾದರೆ ಅಂಗೈ ದೋಣಿಯಾಗಬೇಕು. ನನ್ನದು ಹಲಗೆಯಾಗಿತ್ತು.

"ಮಾಷ್ಟ್ರೇ, ಪಾಯಸ?"

"ಬೇಡ ಮಾಣಿ, ಶುಗರ್" ಎಂದೆ.

ಇರುವ ಗಾಯ ಮುಚ್ಚಲು ಇಲ್ಲದ ಕಾಯಿಲೆ ಹೊದ್ದುಕೊಂಡೆ. ನಾನು ಮನೆ ತಲಪುವ ಮೊದಲೇ ಸುದ್ದಿ ತಲಪಿತ್ತು. ಅಂದಿನಿಂದ ಕಾಫಿಗೆ ಸಕ್ಕರೆ ಬಂದ್. ಹನ್ನೊಂದನೆಯ ದಿನ ಹೆಂಡತಿ ರಕ್ತಪರೀಕ್ಷೆಗೆ ಮಣಿಪಾಲಕ್ಕೆ ಎಳೆದೊಯ್ದಳು. 1953ರಲ್ಲಿ ಡಾ. ಟಿ.ಎಂ.ಎ. ಪೈಗಳು ಆ ಗುಡ್ಡದಲ್ಲಿ ಮೆಡಿಕಲ್ ಕಾಲೇಜು ಕಟ್ಟಿದರು. ಎಲ್ಲೆಲ್ಲಿಂದಲೋ ರಾತ್ರಿ ಬಸ್ಸಿನಲ್ಲಿ ಜನ ಅಲ್ಲಿಗೆ ಬರುತ್ತಾರೆ. ಹೆಚ್ಚೆಂದರೆ 20 ಕಿಲೋಮೀಟರು ದೂರದ ನನ್ನನ್ನು ಕರೆತರಲು ಸುಳ್ಳು ಸಕ್ಕರೆ ಬೇಕಾಯಿತು.

ಎಡಗೈಯಲ್ಲಿ ನರ ಸಿಗಲಿಲ್ಲ. "ಅಂಕಲ್, ಬಲಗೈ ಕೊಡಿ, ಮುಷ್ಟಿ ಕಟ್ಟಿ" ಎಂದಿತು ಹುಡುಗಿ. ಕಟ್ಟಿದೆ. ಆ ಕೂಗು ಯಕ್ಷಗಾನದ ಮಹಿಷಾಸುರನಿಗೂ ಬರುವುದಿಲ್ಲ.

ಮೂಳೆಯ ಡಾಕ್ಟರು ಹೆಬ್ಬೆರಳು ಎತ್ತಿಸಿ ಬುಡದ ಗುಂಡಿಯನ್ನು ಒತ್ತಿದರು. ಅಜ್ಜ ನಶ್ಯ ಹಾಕಿಕೊಳ್ಳುತ್ತಿದ್ದ ಗುಂಡಿ. ಡಾಕ್ಟರರ ಪುಸ್ತಕದಲ್ಲೂ ಅದಕ್ಕೆ ನಶ್ಯದ ಡಬ್ಬಿ ಎಂದೇ ಹೆಸರಂತೆ. ಅದರಡಿಯ ಮೂಳೆ ಸ್ಕ್ಯಾಫಾಯ್ಡ್, ಗ್ರೀಕಿನಲ್ಲಿ ದೋಣಿ. ಬಿರುಕು ಬಿಟ್ಟಿತ್ತು. ಈ ದೋಣಿಗೆ ರಕ್ತ ಹೆಚ್ಚಾಗಿ ಬೆರಳಿನ ಕಡೆಯಿಂದ ಹಿಮ್ಮುಖವಾಗಿ ಬರುತ್ತದೆ. ನಡುವೆ ಮುರಿದರೆ ಆಚೆ ತುಂಡಿಗೆ ಅನ್ನ ನೀರು ನಿಲ್ಲುತ್ತದೆ, ಕೂಡಿಕೊಳ್ಳದೆ ಸಾಯಲೂಬಹುದು. ಮೊದಲ ದಿನಗಳಲ್ಲಿ ಎಕ್ಸ್‌ರೇಯಲ್ಲೂ ಕೆಲವೊಮ್ಮೆ ಕಾಣದು, ನನ್ನಂಥದೇ ಸ್ವಭಾವ.

"ಯಾವಾಗ ಬಿದ್ದದ್ದು?"

"ನಿನ್ನೆ" ಎಂದೆ. ಹೆಂಡತಿ ನನ್ನ ಮುಖ ನೋಡಿದಳು. "ಭಾನುವಾರ" ಎಂದೆ. "ಯಾವ ಭಾನುವಾರ?" ಎಂದಳು.

ರಕ್ತದ ರಿಪೋರ್ಟೂ ಬಂತು. ಸಕ್ಕರೆ ಸ್ವಲ್ಪ ಇದೆಯಂತೆ.

ಪ್ಲಾಸ್ಟರು ಸುತ್ತುವಾಗ ಕಾರ್ಕಳದ ದೊಡ್ಡಮ್ಮ ನೆನಪಾದರು. ಮಗಳ ನಿಶ್ಚಿತಾರ್ಥಕ್ಕೆ ಮೂರು ದಿನ ಇತ್ತು. ಬೆಳಿಗ್ಗೆ ಬಚ್ಚಲಲ್ಲಿ ದೊಡ್ಡ ಶಬ್ದ. ದೊಡ್ಡಪ್ಪ ಕೂತಲ್ಲಿಂದಲೇ "ಎಂತ ಅದು?" ಎಂದರು. "ಚೊಂಬು ಬಿದ್ದದ್ದು" ಎಂದರು ದೊಡ್ಡಮ್ಮ. ನಾನೂ ಜಗಲಿಯಲ್ಲಿ ಪೇಪರು ಓದುತ್ತಿದ್ದೆ. ಚೊಂಬು ಬಿದ್ದರೆ ಅಷ್ಟು ಭಾರದ ಶಬ್ದ ಬರುವುದಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಕಾಫಿ ತಡವಾದದ್ದು ಮಾತ್ರ ಗೊತ್ತಾಯಿತು. ಗೋಡೆ ಹಿಡಿದು ನಡೆದು ಅವರು ಮೂರು ದಿನ ಅಡುಗೆ ಮಾಡಿದರು, ನಲವತ್ತು ಎಲೆಯ ಹೋಳಿಗೆ ಲಟ್ಟಿಸಿದರು. ನಾಲ್ಕನೆಯ ದಿನ ಏಳಲಾಗಲಿಲ್ಲ. ಸೊಂಟದ ಮೂಳೆ. ಮತ್ತೆ ಎದ್ದು ನಡೆದದ್ದನ್ನು ನಾನು ನೋಡಿಲ್ಲ. ನನ್ನ ಹಾಗೆ ನಾಚಿಕೆಗೆ ಮುಚ್ಚಿಟ್ಟದ್ದಲ್ಲ ಅವರು. ಹೇಳಿದ್ದರೆ ಒಲೆಯ ಮುಂದೆ ಯಾರು ಕೂರುತ್ತಿದ್ದರು? ಹೋಳಿಗೆ ಚೆನ್ನಾಗಿದೆ ಎಂದು ನಾನು ಎರಡು ಸಲ ಹಾಕಿಸಿಕೊಂಡಿದ್ದೆ.

ಮೊನ್ನೆ, ಪ್ಲಾಸ್ಟರಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಎಡಗೈಯಲ್ಲಿ ಸ್ನಾನ ಮಾಡುವಾಗ ಸಾಬೂನಿನ ಮೇಲೆ ಕಾಲಿಟ್ಟು ದಡಕ್ಕನೆ ಕೂತೆ.

"ಎಂತ ಶಬ್ದ ಅದು?" ಹೊರಗಿನಿಂದ ಕೇಳಿತು.

"ಚೊಂಬು ಬಿದ್ದದ್ದು" ಎಂದೆ.

ನಮ್ಮ ಬಚ್ಚಲಲ್ಲಿ ಚೊಂಬು ಇಲ್ಲದೆ ಹದಿನೈದು ವರ್ಷವಾಯಿತು. ಇರುವುದು ಪ್ಲಾಸ್ಟಿಕ್ ಮಗ್ಗು.

"ಬಾಗಿಲು ತೆಗೀರಿ" ಎಂದಳು.